ಪೆನಾಂಗಿನಲ್ಲಿ ಕಳೆದುಹೋದವಳು

ಅತ್ತೆ ಮೈಸೂರಿನಿಂದ ಮಲೇಷ್ಯಾದ ಪುಚೊಂಗಿನ ನಮ್ಮ ಮನೆಗೆ ಬಂದು ತಿಂಗಳಾಗುವಷ್ಟರಲ್ಲಿ ನಾನು ದುಭಾಷಿಯ ಕೆಲಸ ಮಾಡಿ ಮಾಡಿ ಸುಸ್ತಾಗಿದ್ದೆ. ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಇಂಗ್ಲಿಷಿನಲ್ಲಿ. ಅದೂ ಗಾಳಿಯ ವೇಗದಲ್ಲಿ, ಇಲ್ಲಿಯವರ ಹಾಗೆ ಮಾತಿನ ತುದಿಗೊಂದು 'ಲಾ' ಅಂಟಿಸಿಕೊಂಡು. ಅತ್ತೆ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಸಿಗದಿದ್ದರೆ ಅವರಿಗಾಗದು.

"ಏನಂದ್ಲು ಇವ್ಳು?" ಎಂದು ನನ್ನ ಕಡೆ ತಿರುಗುವರು.

ನಾನು ಒಗ್ಗರಣೆ ಹಾಕುತ್ತಿದ್ದರೂ ಸರಿ, ಆಫೀಸಿನ ಮೀಟಿಂಗಿನಲ್ಲಿದ್ದರೂ ಸರಿ, ಅನುವಾದಿಸಬೇಕು. ಅಜ್ಜಿ ಮೊಮ್ಮಗಳು ಕ್ರಮೇಣ ಒಬ್ಬರನ್ನೊಬ್ಬರು ಮಾತನಾಡಿಸುವುದನ್ನೇ ಬಿಟ್ಟು, ಇಬ್ಬರೂ ನನ್ನೊಂದಿಗೇ ಮಾತನಾಡತೊಡಗಿದ್ದರು.

ಶಾಲೆಗೆ ರಜೆ ಬಂದಾಗ ಕ್ಲಾಂಗ್ ಬಂದರಿನಿಂದ ಹೊರಡುವ ಹಡಗಿನ ಪ್ರವಾಸಕ್ಕೆ ನನ್ನ ಗಂಡನೇ ಟಿಕೆಟ್ ಮಾಡಿಸಿದ್ದು. ಹೊರಡುವ ಹೊತ್ತಿಗೆ ಅವನಿಗೆ ಆಫೀಸಿನಲ್ಲಿ ರಜೆ ರದ್ದಾಯಿತು. "ನೀವು ಮೂರು ಜನ ಆರಾಮಾಗಿ ಹೋಗ್ಬನ್ನಿ" ಎಂದ. ಆರಾಮು ಯಾರಿಗೆ ಎಂದು ನಾನು ಕೇಳಲಿಲ್ಲ.

ಮೊದಲ ನಿಲುಗಡೆ ಪೆನಾಂಗ್. ರಾತ್ರಿಯೆಲ್ಲ ಹಡಗು ತೂಗಿದ್ದರಿಂದ ಅತ್ತೆಗೆ ಹೊಟ್ಟೆ ತೊಳಸುತ್ತಿತ್ತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಪ್ಪದೆ ನುಂಗಿದರು. ತಿಂಡಿ ಮಾತ್ರ ಅರ್ಧ ಬ್ರೆಡ್ಡಿಗೆ ನಿಂತಿತ್ತು. "ನೆಲದ ಮೇಲೆ ಕಾಲಿಟ್ರೆ ಸರಿಹೋಗ್ತೀನಿ, ನಡಿಯಮ್ಮ" ಎಂದು ಅವರೇ ಮೊದಲು ಎದ್ದರು.

ಬಂದರಿನಿಂದ ಲಿಟಲ್ ಇಂಡಿಯಾ ಎಂಬ ಬೀದಿಗೆ ದೂರವೇನಿಲ್ಲ. ಮಲ್ಲಿಗೆ ಮಾಲೆ, ಸೀರೆ ಅಂಗಡಿ, ಬಾಗಿಲಿಗೊಂದು ತಮಿಳು ಹಾಡು. ಅತ್ತೆಯ ಮುಖ ಅರಳಿತು. ವಾಂತಿಯ ಮಾತ್ರೆ ಕೊಳ್ಳೋಣವೆಂದು ಅವರಿಬ್ಬರನ್ನೂ ಹೂವಿನಂಗಡಿಯ ನೆರಳಿನಲ್ಲಿ ನಿಲ್ಲಿಸಿ, "ಇಲ್ಲೇ ಇರಿ, ಈಗ ಬಂದೆ" ಎಂದು ಎದುರಿನ ಔಷಧಿ ಅಂಗಡಿಗೆ ಹೋದೆ. ಅಲ್ಲಿ ಜನ ಇದ್ದರು. ಮಾತ್ರೆ ಹಿಡಿದು ಹೊರಬಂದಾಗ ಹೂವಿನಂಗಡಿಯ ಮುಂದೆ ಯಾರೂ ಇರಲಿಲ್ಲ.

ಅಂಗಡಿಯವಳು ಹೊಸಬಳು, ಈಗಷ್ಟೇ ಬಂದು ಕೂತೆ ಎಂದಳು. ಸೀರೆ ಅಂಗಡಿಗೆ ನುಗ್ಗಿರಬಹುದೆಂದು ಒಂದೊಂದನ್ನೂ ಇಣುಕಿದೆ. ದೇವಸ್ಥಾನಕ್ಕೆ ಓಡಿದೆ. ಗೋಡೆಚಿತ್ರಗಳಿರುವ ಗಲ್ಲಿಗೂ ಹೋದೆ, ಮಗಳು ಅದನ್ನು ನೋಡಬೇಕೆಂದು ಬೆಳಿಗ್ಗೆಯಿಂದ ಪೀಡಿಸುತ್ತಿದ್ದಳು. ಎಲ್ಲೂ ಇಲ್ಲ. ಅತ್ತೆಯ ಫೋನು ಹಡಗಿನ ಕೋಣೆಯಲ್ಲಿ ಚಾರ್ಜಿಗಿತ್ತು. ಮಗಳಿಗೆ ಫೋನೇ ಇಲ್ಲ. ಅತ್ತೆಯ ಬಿಸ್ಕತ್ತು, ಗ್ಲೂಕೋಸು ಎರಡೂ ನನ್ನ ಚೀಲದಲ್ಲೇ ಇದ್ದವು.

ಗಂಡನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

"ಹಡಗಿನ ಹತ್ರ ಹೋಗಿ ನೋಡು" ಎಂದ.

"ನಾನು ಆ ಕಡೆ ಹೋದಾಗ ಅವ್ರು ಇಲ್ಲಿಗೆ ಬಂದ್ರೆ?"

"ಅಮ್ಮ ಹಾಗೆಲ್ಲ ಅಲೆಯೋರಲ್ಲ ಕಣೆ."

ನಾನು ಕೇಳಲಿಲ್ಲ. ಆ ಬೀದಿ ಬಿಟ್ಟರೆ ಅವರನ್ನೇ ಬಿಟ್ಟು ಹೋದಂತೆ ಅನ್ನಿಸುತ್ತಿತ್ತು. ಮತ್ತೆ ಮತ್ತೆ ಅವನಿಗೇ ಫೋನ್ ಮಾಡುತ್ತ ಅದೇ ಅಂಗಡಿಗಳ ಮುಂದೆ ಸುತ್ತಿದೆ, ಕೊನೆಗೆ ಫೋನಿನ ಬ್ಯಾಟರಿ ಸತ್ತಿತು. ಹಡಗು ಹೊರಡುವ ಹೊತ್ತು ಹತ್ತಿರವಾಗಿತ್ತು. ಬೇರೆ ದಾರಿ ಕಾಣದೆ ಬಂದರಿನ ಕಡೆ ಅರ್ಧ ಓಡಿ, ಅರ್ಧ ನಡೆದೆ. ಆ ಬಿಸಿಲಿನಲ್ಲಿ ಆಂಬುಲೆನ್ಸಿನ ಸದ್ದು ಕೇಳಿದಾಗಲೆಲ್ಲ ನಿಂತು ತಿರುಗಿ ನೋಡುತ್ತಿದ್ದೆ.

ಬಂದರಿನ ಬಾಗಿಲಲ್ಲಿ ಹಡಗಿನ ಸಿಬ್ಬಂದಿಯ ಹೆಂಗಸೊಬ್ಬಳು ನನ್ನ ಕೊರಳಿನ ಕಾರ್ಡು ನೋಡಿದವಳೇ ನಕ್ಕಳು. "ಮೇಡಮ್, ನಿಮ್ಮ ಮನೆಯವರು ನಿಮ್ಮನ್ನು ಹುಡುಕ್ತಿದ್ದಾರೆ. ನೀವು ಕಳೆದುಹೋಗಿದ್ದೀರಿ ಅಂತ ದೂರು ಕೊಟ್ಟಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಕೈ ತೋರಿಸಿದಳು.

ಫ್ಯಾನಿನ ಕೆಳಗಿನ ಬೆಂಚಿನಲ್ಲಿ ಇಬ್ಬರೂ ಕೂತಿದ್ದರು. ಅತ್ತೆಯ ಮುಡಿಯಲ್ಲಿ ಮಲ್ಲಿಗೆ. ಮಗಳು ನನ್ನನ್ನು ಕಂಡು ಎದ್ದು ಬಂದು ಸೊಂಟಕ್ಕೆ ಕೈಯಿಟ್ಟಳು.

"ಅಮ್ಮಾ, ವೇರ್ ವರ್ ಯೂ? ಫೋನ್ ಆಲ್ವೇಸ್ ಎಂಗೇಜ್ಡ್ ಲಾ!"

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಳು, ನಗು ಒಟ್ಟಿಗೇ ಬಂದವು. ಅತ್ತೆ ಬೆಂಚಿನಿಂದ ಬಗ್ಗಿ ಸೆರಗಿನಿಂದ ನನ್ನ ಮುಖ ಒರೆಸಿದರು.

ನಡೆದದ್ದು ಇಷ್ಟು. ನಾನು ಆಚೆ ಹೋದ ಸ್ವಲ್ಪ ಹೊತ್ತಿಗೇ ಅತ್ತೆ ಬೆವರತೊಡಗಿದ್ದಾರೆ. "ಪುಟ್ಟಿ, ಕೈ ನಡುಗ್ತಿದೆ ಕಣೆ" ಎಂದಿದ್ದಾರೆ. ಸಕ್ಕರೆ ಇಳಿದರೆ ಹೀಗಾಗುತ್ತದೆಂದು ಮನೆಯಲ್ಲಿ ನಾನು ಹೇಳಿದ್ದು ಮಗಳ ಕಿವಿಗೆ ಬಿದ್ದಿತ್ತು. ಅಜ್ಜಿಯನ್ನು ಹಿಡಿದುಕೊಂಡು ತಿರುವಿನಾಚೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಚಹಾದಂಗಡಿಗೆ ಹೋಗಿ, ಶಾಲೆಯಲ್ಲಿ ಕಲಿತ ಮಲಯ ಭಾಷೆಯಲ್ಲಿ, ತುಂಬಾ ಸಿಹಿ ಹಾಕಿ ಬೇಗ ಕೊಡಿ ಎಂದು ಚಹಾ ಕೇಳಿದ್ದಾಳೆ. ಅತ್ತೆ ಚೇತರಿಸಿಕೊಂಡು ಇಬ್ಬರೂ ಮರಳಿ ಬಂದಾಗ ನಾನು ದೇವಸ್ಥಾನದ ಕಡೆ ಓಡಿದ್ದೆ.

"ಹಾಸ್ಟೆಲಿನಲ್ಲಿ ನಾನು ಹೇಳ್ತಿದ್ದೆ," ಎಂದರು ಅತ್ತೆ, "ಪೇಟೇಲಿ ತಪ್ಪಿಸ್ಕೊಂಡ್ರೆ ಸುತ್ತಬೇಡಿ, ಗೇಟಿಗೆ ಬಂದು ಕೂತ್ಕೊಳ್ಳಿ ಅಂತ. ನಮಗೆ ಗೇಟು ಇದೇ ತಾನೆ? ಒಂದು ಸೈಕಲ್ ರಿಕ್ಷಾ ಹಿಡಿದು ಬಂದ್ವಿ. ಹಡಗಿನವರ ಕೈಲಿ ನಿಂಗೆ ಎಷ್ಟು ಸಲ ಫೋನ್ ಮಾಡಿಸಿದ್ವಿ."

"ರಿಕ್ಷಾದಲ್ಲಿ ಅಜ್ಜಿ ಹಾಡು ಹೇಳಿದ್ರು," ಎಂದಳು ಮಗಳು. ಕನ್ನಡದಲ್ಲಿ. "ಜೋರಾಗಿ. ಎಲ್ಲಾರೂ ನೋಡ್ತಾ ಇದ್ರು. ಸೋ ಎಂಬರಾಸಿಂಗ್."

"ಏನಂದೆ ಕೊನೇಲಿ?" ಎಂದು ಅತ್ತೆ ಕೇಳಿದ್ದು ನನ್ನನ್ನಲ್ಲ, ಅವಳನ್ನೇ.

"ನಾಚಿಕೆ ಆಯ್ತು, ಅಜ್ಜಿ!"

"ಆಗ್ಲಿ ಬಿಡು."

ಮರುದಿನ ಹಡಗು ಲಂಕಾವಿಯಲ್ಲಿ ನಿಂತಿತು. ನಾನು ಬಿಸ್ಕತ್ತಿನ ಚೀಲ ಹಿಡಿದು ಬಾಗಿಲಿಗೆ ಬಂದರೆ ಅತ್ತೆ ಚೀಲವನ್ನು ತೆಗೆದುಕೊಂಡು ಮಗಳ ಹೆಗಲಿಗೇರಿಸಿದರು. "ಹಡಗಿನವರದ್ದೇ ಬಸ್ಸಿದೆ, ಗೈಡ್ ಇದಾನೆ, ಫೋನೂ ತಗೊಂಡಿದೀನಿ. ನೀನು ಮಲಕ್ಕೊ. ಮುಖ ನೋಡಿದೀಯಾ ಕನ್ನಡೀಲಿ?" ಎಂದರು.

ಹಡಗಿನ ಮೇಲಂತಸ್ತಿನ ಕಂಬಿಯ ಬಳಿ ನಿಂತು ನೋಡಿದೆ. ಛತ್ರಿಯನ್ನು ಯಾರು ಹಿಡಿಯಬೇಕೆಂದು ಇಬ್ಬರಿಗೂ ವಾದ ನಡೆಯುತ್ತಿತ್ತು. ಅಜ್ಜಿ ಏನೋ ಅನ್ನುವರು, ಇವಳು ತಿರುಗಿ ಏನೋ ಅನ್ನುವಳು. ಅಷ್ಟು ಎತ್ತರಕ್ಕೆ ಒಂದು ಮಾತೂ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಬಸ್ಸು ಹೊರಟ ಮೇಲೆ ಆರಾಮಕುರ್ಚಿಯೊಂದನ್ನು ನೆರಳಿಗೆ ಎಳೆದುಕೊಂಡು, ಚಪ್ಪಲಿ ಬಿಟ್ಟು, ಕಾಲು ಚಾಚಿದೆ. ಎಷ್ಟೋ ವಾರಗಳ ನಂತರ ಹಗಲು ಹೊತ್ತಿನಲ್ಲಿ ಅಷ್ಟು ಗಾಢವಾಗಿ ನಿದ್ದೆ ಮಾಡಿದೆ.