ಲಕ್ಷ್ಮಿಯ ಸೀರೆಯ ಅಂಚು

ಗಂಗಕ್ಕಾ, ಮೈಸೂರಿನ ಅರಮನೆಯ ಚಿತ್ರಶಾಲೆಯಲ್ಲಿ ಲಕ್ಷ್ಮಿಯ ಚಿತ್ರ ಮುಟ್ಟಿದ್ದು ನೀವಲ್ಲ, ನಾನು. ಇಷ್ಟು ವರ್ಷ ಬಾಯಿ ಬಿಡದೆ ಕೂತಿದ್ದೆ.

ಪೀಣ್ಯದ ನಮ್ಮ ಗಾರ್ಮೆಂಟ್ಸ್‌ನ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಹೋಗಿದ್ದೆವಲ್ಲ, ಆವತ್ತು. ರಾಜರು ಬಾಳಿದ ಮನೆ — ಅಷ್ಟೆತ್ತರದ ಬಾಗಿಲು, ಕೆತ್ತನೆಯ ಕಂಬ, ಗೋಡೆ ತುಂಬ ಚಿತ್ರ. ನನಗೆ ಖುಷಿಯೋ ಖುಷಿ. ನೀವೋ, ದೇವರ ಪಟ ಕಂಡಲ್ಲೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು. ವಿಜಯಪುರದಿಂದ ಬರುವಾಗ ಈ ಅಭ್ಯಾಸವನ್ನೂ ಗಂಟು ಕಟ್ಟಿಕೊಂಡು ಬಂದಿದ್ದೀರಿ ಎಂದು ನಾವು ರೇಗಿಸುತ್ತಿದ್ದೆವು. ಇಲ್ಲಿ ಏನನ್ನೂ ಮುಟ್ಟಬಾರದೆಂದು ಕಾವಲಿನವನು ಹೇಳಿದ ಮೇಲೆ ನೀವು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ನಡೆದಿರಿ.

ಆ ಲಕ್ಷ್ಮಿಯ ಸೀರೆಗೆ ಚಿನ್ನದ ಅಂಚು. ನಿಜವಾದ ಜರಿಯಂತೆ ಉಬ್ಬಿ ನಿಂತಿತ್ತು. ದಿನವಿಡೀ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡುವ ಚೆಕಿಂಗ್ ಕೆಲಸ ನನ್ನದು — ತಡೆದುಕೊಳ್ಳಲಾಗಲಿಲ್ಲ. ಹೆಬ್ಬೆರಳು ಅಂಚಿನುದ್ದಕ್ಕೂ ಸರಿದೇಬಿಟ್ಟಿತು.

"ಯಾರ್ರೀ ಅದು ಮುಟ್ಟಿದ್ದು?" ಎಂದು ಕಾವಲಿನವನು ಕೂಗಿದ.

ಎಲ್ಲರೂ ತಿರುಗಿದ್ದು ನಿಮ್ಮ ಕಡೆಗೆ. "ನಾ ಮುಟ್ಟಿಲ್ರೀ," ಎಂದು ನೀವು ನನ್ನ ಮುಖ ನೋಡಿದಿರಿ. ಆಗಲೇ ಹೇಳಿದ್ದರೆ... ನಾನಾಡಿದ್ದೇ ಬೇರೆ.

"ಹೋಗ್ಲಿ ಬಿಡಿ ಅಕ್ಕಾ, ಗೊತ್ತಿಲ್ದೆ ಕೈ ಹೋಗಿರುತ್ತೆ."

ಎಷ್ಟು ನಯವಾಗಿ ಹೇಳಿದೆನೆಂದರೆ, ನೀವೇ ಅದನ್ನು ನಂಬಿಬಿಟ್ಟಿರಿ. ನಿಮ್ಮನ್ನು ಹೊರಗೆ ಕಳಿಸಿದರು. ನಾವು ಬರುವವರೆಗೂ ಒಬ್ಬರೇ ಮೆಟ್ಟಿಲ ಮೇಲೆ ಕೂತಿದ್ದಿರಿ. ನಾನು ಉಳಿದ ಚಿತ್ರಗಳನ್ನೆಲ್ಲ ನೋಡಿದೆ — ಸಂತೋಷವಾಗಿಯೇ ನೋಡಿದೆ, ಅದನ್ನೂ ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ಎಲ್ಲರೂ ನಿಮ್ಮನ್ನು ಆಡಿಕೊಂಡು ನಕ್ಕಾಗ ನಾನೂ ನಕ್ಕೆ.

ಈಗ ನನ್ನ ದಿನಗಳು ಚೆನ್ನಾಗಿವೆ. ರಾಜಗೋಪಾಲನಗರದ ಒಂದೇ ವಠಾರದಲ್ಲಿದ್ದೇವೆ. ನಿಮ್ಮ ರೊಟ್ಟಿ ನನ್ನ ಮನೆಗೆ, ನನ್ನ ಸಾರು ನಿಮ್ಮ ಮನೆಗೆ. ಇದಕ್ಕಿಂತ ಹೆಚ್ಚೇನು ಬೇಕು ಎಂದುಕೊಂಡೇ ಮೊನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆ ನಿಮ್ಮನ್ನು ಕರೆದೆ. ನೀವು ಹೊಸ್ತಿಲಾಚೆಯೇ ನಿಂತು ಕೈಮುಗಿದಿರಿ. ಒಳಗೆ ಬಂದು ದೇವಿಗೆ ಕುಂಕುಮ ಇಡಿ ಎಂದರೆ —

"ಬ್ಯಾಡವ್ವಾ. ನನ್ನ ಕೈ ನನ್ನ ಮಾತು ಕೇಳಂಗಿಲ್ಲ."

ಆಗಲೇ ನನಗೆ ತಿಳಿದದ್ದು: ನೀವು ದೇವರನ್ನು ಮುಟ್ಟುವುದನ್ನೇ ಬಿಟ್ಟಿದ್ದೀರಿ, ನನ್ನ ಒಂದು ಮಾತಿನಿಂದ. ವಠಾರದಲ್ಲಿ ಜೊತೆಗೇ ಇದ್ದೂ ನಾನದನ್ನು ಗಮನಿಸಿರಲಿಲ್ಲ.

ಇದನ್ನೆಲ್ಲ ಇನ್ನೂ ಮನಸ್ಸಿನಲ್ಲೇ ನಿಮಗೆ ಹೇಳುತ್ತಿದ್ದೇನೆ. ನಿಮ್ಮೊಬ್ಬರ ಕಿವಿಯಲ್ಲಿ ಹೇಳಿದರೆ "ಇರ್ಲಿ ಬಿಡವ್ವಾ" ಎಂದು ಕ್ಷಮಿಸಿಬಿಡುತ್ತೀರಿ, ಬಲ್ಲೆ. ಅಷ್ಟು ಸುಲಭವಾಗಿ ನಾನು ಪಾರಾಗಬಾರದು. ನಾಳೆ ಗಾರ್ಮೆಂಟ್ಸ್‌ನಲ್ಲಿ ಊಟದ ಹೊತ್ತಿಗೆ ಅಂದು ನಕ್ಕವರೆಲ್ಲ ಡಬ್ಬಿ ಬಿಚ್ಚಿ ಕೂತಿರುತ್ತಾರೆ. ಅವರೆಲ್ಲರ ಮುಂದೆ ನಿಂತು ಹೇಳುತ್ತೇನೆ. ಆಮೇಲೆ ನೀವು ನನ್ನ ಪಕ್ಕದಲ್ಲಿ ಊಟಕ್ಕೆ ಕೂರದಿದ್ದರೂ ಸರಿಯೇ.