ಶನಿವಾರ ಮೂಡಣಕ್ಕೆ

ನಮ್ಮ ಮನೆಯ ಊಟದ ಮೇಜಿಗೆ ಲೋಕದ ಭೂಪಟ ಅಚ್ಚಾಗಿರುವ ಪ್ಲಾಸ್ಟಿಕ್ ಹಾಸೊಂದಿದೆ. ಅಮ್ಮ ಹೊಸಕೋಟೆಯಲ್ಲಿ ಅದನ್ನು ಕೊಂಡದ್ದು ಒರೆಸಲು ಸುಲಭವೆಂದೇ ಹೊರತು ಭೂಗೋಳದ ಮೇಲಿನ ಪ್ರೀತಿಯಿಂದಲ್ಲ. ಬಿಸಿ ಪಾತ್ರೆ ಇಟ್ಟು ಇಟ್ಟು ಕಜಕಸ್ತಾನ ಸುಕ್ಕುಗಟ್ಟಿದೆ; ಟರ್ಕಿಯ ಮೇಲೆ ಬಿದ್ದ ಸಾರಿನ ಕಲೆ ಯಾವ ಸೋಪಿಗೂ ಜಗ್ಗಿಲ್ಲ. ಈ ಹಾಸಿನ ಮೇಲೆ, ತಟ್ಟೆ ಲೋಟಗಳನ್ನು ಅತ್ತಿತ್ತ ಸರಿಸಿಕೊಂಡು, ನಾನು ಬಹಳ ದಿನಗಳಿಂದ ಒಂದು ರೈಲು ಓಡಿಸುತ್ತಿದ್ದೇನೆ. ವಿಯೆಟ್ನಾಮಿನ ಹನೋಯಿಯಲ್ಲಿ ಹೊರಟು, ಚೀನಾವನ್ನು ಅಡ್ಡಹಾಯ್ದು, ಮಧ್ಯ ಏಷ್ಯಾದ ಹುಲ್ಲುಬಯಲು ದಾಟಿ, ಹಳಿ ಮುಗಿದ ಕಡೆ ಹಡಗನ್ನೋ ಬಸ್ಸನ್ನೋ ಹಿಡಿದು, ಕಡೆಗೆ ಇನ್ನು ಮುಂದೆ ಬರೀ ಸಮುದ್ರ ಎನ್ನುವ ಲಿಸ್ಬನ್ನಿನಲ್ಲಿ ಇಳಿಯುವ ರೈಲು.

ಹೊರಡುವುದಕ್ಕಿಂತ ಹೊರಡುವ ಯೋಚನೆಯೇ ಹೆಚ್ಚು ರುಚಿ ಎಂಬುದು ನಿಮಗೂ ಗೊತ್ತಿರಬಹುದು. ಯೋಚನೆಯ ರೈಲು ತಡವಾಗುವುದಿಲ್ಲ, ಅದರ ಕಿಟಕಿ ಪಕ್ಕದ ಸೀಟು ಸದಾ ಖಾಲಿ. ಚೀನಾದ ಗಡಿಯಲ್ಲಿ ಹಳಿಗಳ ಅಗಲ ಬದಲಾಗುವುದರಿಂದ ಬೋಗಿಯನ್ನು ಹಾಗೇ ಎತ್ತಿ ಕೆಳಗಿನ ಗಾಲಿಗಳನ್ನು ಬದಲಿಸುತ್ತಾರಂತೆ. ಒಳಗೆ ಕೂತವರು ಚಹಾ ಕುಡಿಯುತ್ತಲೇ ಇರಬಹುದಂತೆ. ಇದನ್ನು ಓದಿದ ದಿನ ನಾನೇ ಆ ಲೋಟ ಹಿಡಿದಿದ್ದೇನೆಂಬ ಭಾವದಲ್ಲಿ ಇಡೀ ಸಂಜೆ ಕಳೆದೆ.

ಆದರೆ ಈ ವರ್ಷ ಯೋಚನೆಗೆ ಕಾಲು ಬಂತು. ಕಾಲೇಜು ರಜೆ ಕೊಟ್ಟಿತು, ವೀಸಾಗಳು ಬಂದವು, ನಮ್ಮ ನೆಲದಿಂದ ಅತ್ತ ಹೋಗುವ ಹಳಿಯಿಲ್ಲವಾದ್ದರಿಂದ ಹನೋಯಿವರೆಗೆ ವಿಮಾನದ ಟಿಕೆಟನ್ನೂ ತೆಗೆದೆ. ಶನಿವಾರಕ್ಕೆ. ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ, "ನಿಮ್ಮಜ್ಜಿ ಹೂಂ ಅಂದ್ರೆ ನಂದೇನಿಲ್ಲಮ್ಮ" ಎಂದರು. ಅಂದರೆ ಎರಡು ಖಂಡಗಳ ಪ್ರಯಾಣ ನಂದಗುಡಿ ಹೋಬಳಿಯ ಒಬ್ಬ ಅಜ್ಜಿಯ ಹೂಂಕಾರಕ್ಕೆ ಬಂದು ನಿಂತಿತು.

ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿದರು. "ಶನಿವಾರ, ಸೋಮವಾರ ಮೂಡ್ಲಾಗೆ ಹೋಗ್ಬಾರ್ದು ಕಣಮ್ಮಿ. ಆ ದಿಕ್ಕಿಗೆ ಶೂಲ ಐತೆ, ಕೇಡಾಯ್ತದೆ."

"ಏರ್‌ಪೋರ್ಟು ನಮ್ಗೆ ಪಡುವಲಿಗಲ್ವಾ ಅಜ್ಜಿ?"

"ಏರ್‌ಪೋರ್ಟ್‌ನಾಗೇ ಸಂಸಾರ ಹೂಡ್ತೀಯೇನು? ಹೋಗೋ ಊರು ಎತ್ತಾಗೈತೆ, ಅದ ಹೇಳು."

ಅದು ಮೂಡಣಕ್ಕೇ ಇತ್ತು. ಅಜ್ಜಿ ಹೂಂ ಎನ್ನದೆ ಮೊರ ಎಳೆದುಕೊಂಡರು. ಅವರೆಕಾಯಿ ಬಿಡಿಸಲು ಕೂತರು.

ನಿಮ್ಮಲ್ಲಿ ಮುಚ್ಚಿಡುವುದೇಕೆ, ಆಗ ನನಗೆ ದುಃಖದ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ಅಪರಿಚಿತರೊಡನೆ ಹತ್ತು ಮಾತಾಡಲು ತಿಣುಕುವವಳು ನಾನು. ನಾಳೆ ಭಾಷೆಯೇ ಬಾರದ ಬೋಗಿಯಲ್ಲಿ ಹೇಗೆ ಕೂರುತ್ತೇನೆಂಬ ಅಳುಕು ನನ್ನದು, ಬೇಡವೆಂದ ಹೆಸರು ಮಾತ್ರ ಅಜ್ಜಿಯದು. ಶುಕ್ರವಾರ ಸಂಜೆಯೊಳಗೆ ಟಿಕೆಟ್ ರದ್ದು ಮಾಡಿದರೆ ಹಣ ವಾಪಸ್ಸು ಎಂಬುದನ್ನು ಮೊಬೈಲಿನಲ್ಲಿ ಆಗಾಗ ತೆರೆದು ನೋಡಿಕೊಳ್ಳುತ್ತಿದ್ದೆ.

ಗುರುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ, ಕಟ್ಟಿಟ್ಟಿದ್ದ ನನ್ನ ಚೀಲ ಕಾಣಿಸಲಿಲ್ಲ. ಅಜ್ಜಿಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯ ಮೂಡಣ ತುದಿಯಿಂದ ಸೊಂಟ ನೀವಿಕೊಳ್ಳುತ್ತ ಬಂದರು.

"ಬೀದಿ ತುದೀಲಿರೋ ರತ್ನಮ್ಮನ ಮನೇಲಿ ಪ್ರಸ್ಥಾನ ಇಟ್ಬಂದಿವ್ನಿ. ಏನ್ ತುಂಬಿದ್ದೀಯೇ ಅದ್ರೊಳ್ಗೆ, ಗುಂಡುಕಲ್ಲ?"

ಹೊರಡುವ ದಿನ ಕೂಡಿಬರದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ಗಂಟನ್ನು ಹೋಗುವ ದಿಕ್ಕಿನ ಯಾರದಾದರೂ ಮನೆಯಲ್ಲಿಟ್ಟು ಬರುವುದು ನಮ್ಮ ಕಡೆಯ ರೂಢಿ. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಶೂಲಕ್ಕೆ ಆಮೇಲೆ ಅಧಿಕಾರವಿಲ್ಲ. ಅಜ್ಜಿ ಮೂರು ದಿನ ಹುಡುಕಿದ್ದು ನನ್ನನ್ನು ತಡೆಯುವ ನೆಪವನ್ನಲ್ಲ, ಕಳಿಸುವ ದಾರಿಯನ್ನು.

"ಅಜ್ಜಿ, ನಾನು ಹೋಗ್ದೇ ಇದ್ರೆ?" ಎಂದು ಮೆಲ್ಲಗೆ ಕೇಳಿದೆ.

"ಪ್ರಸ್ಥಾನದ ಗಂಟು ಹಿಂದಕ್ಕೆ ತರೋ ಹಂಗಿಲ್ಲ. ನೀನೇ ಅದ್ರ ಹಿಂದೆ ಹೋಗ್ಬೇಕು."

ಶುಕ್ರವಾರವೆಲ್ಲ ಅಮ್ಮನ ಸೀರೆಯುಟ್ಟು, ನಮ್ಮ ಮನೆಯಲ್ಲೇ ನೆಂಟರಂತೆ ಓಡಾಡಿದೆ. ಸಂಜೆ ಬಾಚಣಿಗೆಗೆಂದು ರತ್ನಮ್ಮನ ಮನೆಗೆ ಹೋದರೆ, ಆಕೆ ಚೀಲದ ಮುಂದೆಯೇ ನಿಂತುಬಿಟ್ಟರು.

"ಇದ್ರಿಂದ ಒಂದು ಪಿನ್ನೂ ಆಚೆ ಹೋಗೋ ಹಂಗಿಲ್ಲ ಅಂತ ನಿಮ್ಮಜ್ಜಿ ಹೇಳವ್ರೆ. ತಲೆ ಬಾಚ್ಕೋಬೇಕಾ? ಇಲ್ಲೇ ಕೂತ್ಕೊಂಡು ಬಾಚ್ಕೊ. ಕಾಫಿ ಕುಡೀತೀಯಾ?"

ಕುಡಿಯುತ್ತೇನೆ ಎಂದೆ. ಎಂಟು ವರ್ಷಗಳಿಂದ ಬೀದಿಯಲ್ಲಿ ನಗುವಷ್ಟೇ ಪರಿಚಯವಿದ್ದ ಆಕೆಯೊಡನೆ ಅಂದು ಎಷ್ಟು ಹೊತ್ತು ಮಾತಾಡಿದೆನೋ. ಟಿಕೆಟ್ ರದ್ದು ಮಾಡುವ ಗಡುವು ನೆನಪಾಗುವ ಹೊತ್ತಿಗೆ ಅದು ದಾಟಿಹೋಗಿತ್ತು. ರತ್ನಮ್ಮ ಎರಡನೆಯ ಲೋಟ ಬಗ್ಗಿಸುತ್ತಿದ್ದರು. ನನ್ನ ರೈಲು ಮೊದಲ ನಿಲ್ದಾಣದಲ್ಲಿ ನಿಂತಿತ್ತು. ಭಾಷೆ ಗೊತ್ತಿದ್ದ ಊರು, ಕಾಫಿಗೆ ಸಕ್ಕರೆ ಮಾತ್ರ ತುಸು ಹೆಚ್ಚು.