ಅವಸರಕ್ಕೆ ಎಷ್ಟು ಅಂಕ

ಚಳ್ಳಕೆರೆಯ ಒಂದು ಬಿ.ಎಡ್. ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಗಣಿತಕ್ಕೆ ಅಂಕ ಕೊಡುವುದು ಗೊತ್ತು. ಈಗ ತಾಳ್ಮೆಗೂ ಅಂಕ, ವೃತ್ತಿಪ್ರೀತಿಗೂ ಅಂಕ. ಹೊರಗಿನಿಂದ ಪರೀಕ್ಷಕರೊಬ್ಬರು ಬಂದು, ನಾಲ್ಕು ಮಾತು ಕೇಳಿ, ವಿದ್ಯಾರ್ಥಿಯ ಮನಸ್ಸನ್ನು ತೂಗಿಬಿಡುತ್ತಾರೆ. ನಮ್ಮ ಮಂಡಿಯಲ್ಲಿ ಶೇಂಗಾ ತೂಗುವವನಾದರೂ ಮೊದಲು ಒಂದು ಕಾಯಿ ಒಡೆದು ನೋಡುತ್ತಾನೆ.

ಈ ಸಲ ಬಂದವರು ಮೈಸೂರು ಕಡೆಯವರು, ಒಳ್ಳೆಯವರೇ. ಅವರ ಜೊತೆ ಕೂತು ಅಂಕಪಟ್ಟಿಗೆ ಸಹಿ ಹಾಕುವುದು ನನ್ನ ಪಾಲಿನ ಕೆಲಸ. ಅವರೆದುರು ಕೂತವಳು ಮೊಳಕಾಲ್ಮುರಿನಾಚೆ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಹುಡುಗಿ. ಕುರಿ ಸಾಕುವ ಮನೆ, ಮನೆಮಾತು ತೆಲುಗು. ಗಾಬರಿಯಾದರೆ ಅವಳ ಕನ್ನಡದೊಳಗೆ ತೆಲುಗು ಇಣುಕುತ್ತದೆ. ಈ ಸಂದರ್ಶನದಲ್ಲಿ ಒಂದು ಸೊನ್ನೆ ಬಿದ್ದರೂ ಫೇಲು; ಫೇಲಾದರೆ ಓದು ಬಿಡಿಸಿ ಮದುವೆ ಮಾಡುತ್ತಾರೆಂದು ಹಿಂದಿನ ದಿನವಷ್ಟೇ ನನ್ನೆದುರು ಹೇಳಿಕೊಂಡಿದ್ದಳು.

"ಟೀಚರ್ ಯಾಕೆ ಆಗ್ಬೇಕಮ್ಮ?" ಎಂದು ಪರೀಕ್ಷಕರು ಕೇಳಿದರು.

"ನಂಗೆ ಈ ಕೆಲ್ಸ ಬಾಳ ಅವಸರ ಐತೆ ಸರ್."

ಅವಳು ಹೊರಗೆ ಹೋದದ್ದೇ ತಡ, ತಾಳ್ಮೆಯ ಕಾಲಂನಲ್ಲಿ ಸೊನ್ನೆ ಬಿತ್ತು. ನನಗೆ ಮೈ ಉರಿಯಿತು. "ಸರ್, ತೆಲುಗಿನಲ್ಲಿ ಅವಸರ ಅಂದರೆ ಆತುರ ಅಲ್ಲ, ಅಗತ್ಯ" ಎಂದೆ. ಅವರು ನಕ್ಕು ಆ ಸೊನ್ನೆಯನ್ನು ಹೊಡೆದುಹಾಕಿ ಒಳ್ಳೆಯ ಅಂಕವನ್ನೇ ಕೊಟ್ಟರು. ಆಮೇಲೆ ಪೆನ್ನು ಪಕ್ಕದ ಕಾಲಂಗೆ ಸರಿಯಿತು. "ಹಾಗಾದ್ರೆ ಬರೀ ಅಗತ್ಯಕ್ಕೆ ಬಂದಿದ್ದಾಳೆ. ವೃತ್ತಿಪ್ರೀತಿ ಎಲ್ಲಿದೆ?" ಎನ್ನುತ್ತಾ ಅಲ್ಲಿ ಸೊನ್ನೆ ಬರೆದರು.

ನಾನು ಬಾಯಿ ಹಾಕಿದ್ದೇ ಅವಳಿಗೆ ಮುಳುವಾಯಿತಲ್ಲ ಎಂದು ಸಂಕಟವಾಯಿತು. ಸಂಬಳ ತಡವಾದ ತಿಂಗಳು ನಮ್ಮ ವೃತ್ತಿಪ್ರೀತಿ ಎಲ್ಲಿರುತ್ತದೆ ಸ್ವಾಮಿ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು, ನುಂಗಿಕೊಂಡೆ. ಅವಳನ್ನು ಇನ್ನೊಮ್ಮೆ ಕರೆದು ಕೇಳುವವರೆಗೆ ನಾನು ಸಹಿ ಹಾಕುವುದಿಲ್ಲ ಎಂದಷ್ಟೇ ಹೇಳಿದೆ.

ಅವಳು ಬಂದಳು. ಕೂರಲಿಲ್ಲ.

"ಅಗತ್ಯ ಸರಿಯಮ್ಮ. ಪಾಠ ಮಾಡೋದು ನಿನಗೆ ಇಷ್ಟಾನಾ?" ಪರೀಕ್ಷಕರು ಮೆತ್ತಗೇ ಕೇಳಿದರು.

ಅವಳು ಒಮ್ಮೆ ನನ್ನ ಮುಖ ನೋಡಿದಳು. "ಇಷ್ಟಾನಾ ಅಂತ ನನ್ನ ಇದುವರ್ಗೂ ಯಾರೂ ಯಾವುದಕ್ಕೂ ಕೇಳಿಲ್ಲ ಸರ್. ಸ್ವಲ್ಪ ತಡೀರಿ, ಯೋಚ್ನೆ ಮಾಡಿ ಹೇಳ್ತೀನಿ."

ಪರೀಕ್ಷಕರು ಕಾಯಲಿಲ್ಲ. ತಲೆ ತಗ್ಗಿಸಿ ಸೊನ್ನೆ ತಿದ್ದಿದರು. "ಪಾಸಾಯ್ತು, ಹೋಗಮ್ಮ" ಎಂದರು.

ಅವಳು ಹೋಗಲಿಲ್ಲ. ಅಲ್ಲೇ ನಿಂತು ಇನ್ನೂ ಯೋಚಿಸುತ್ತಿದ್ದಳು.